ಮದಕದ ದಂಡೆ ನಡೆದವಳು

ವಾಮಂಜೂರಿನಲ್ಲಿ ಎರಡು ಗುಡ್ಡಗಳು ಎದುರುಬದುರಾಗಿ ಇಳಿದು ಬಂದು, ಇನ್ನೇನು ಒಂದನ್ನೊಂದು ಮುಟ್ಟಬೇಕು ಅನ್ನುವಾಗ ನಿಂತುಬಿಡುವ ಒಂದು ಜಾಗವಿತ್ತು. ಹಿಂದಿನವರು ಯಾರೋ ಆ ಸಂದಿಗೆ ಮಣ್ಣು ಹೊತ್ತು ಹಾಕಿ, ಕೋಣಗಳಿಂದ ತುಳಿಸಿ, ಗುಡ್ಡದಿಂದ ಗುಡ್ಡಕ್ಕೆ ಅಡ್ಡಲಾಗಿ ದಂಡೆ ಕಟ್ಟಿದ್ದರು. ದಂಡೆಯ ಮೇಲ್ಗಡೆ ಮಳೆನೀರು ನಿಂತು ಮದಕವಾಗಿತ್ತು. ಕೆಳಗಡೆ ಗದ್ದೆಬೈಲು, ಬೈಲಿನ ಅಂಚಿನಲ್ಲಿ ಏಳೆಂಟು ಮನೆಗಳು. ಆ ಮದಕ ಊರಿನದ್ದಲ್ಲ, ಸರಕಾರದ್ದೂ ಅಲ್ಲ. ಪೇಟೆ ಕಡೆಯ ಬಿಜೈಯಲ್ಲಿ ಮನೆ ಮಾಡಿಕೊಂಡಿದ್ದ ತ್ರಿವಿಕ್ರಮ ಭಟ್ಟರ ಸ್ವಂತ ಜಾಗದಲ್ಲಿತ್ತು. ಭಟ್ಟರು ವರ್ಷಕ್ಕೊಮ್ಮೆ, ಮಳೆ ಬಿಟ್ಟ ಮೇಲೆ ಬಂದು, ಕೊಡೆ ಊರಿ ನಿಂತು ನೋಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಅದನ್ನು ನೋಡುತ್ತಿದ್ದವನು ದಂಡೆಯ ಕೆಳಗಿನ ಮೊದಲ ಮನೆಯ ಮಾಯಿಲಪ್ಪ.

ಕಿನ್ನಿ ಅವನ ಸೊಸೆಯಾಗಿ ಆ ಮನೆಗೆ ಬಂದದ್ದು ಸಾವಿರದ ಒಂಬೈನೂರ ಒಂಬತ್ತರ ಬೇಸಿಗೆಯಲ್ಲಿ. ಅವಳಿಗೆ ಹದಿನಾರು. ಗಂಡ ಚೆನ್ನಪ್ಪ ಗುರುಪುರ ಹೊಳೆಯ ಬದಿಯ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ಕೆಲಸಕ್ಕಿದ್ದ. ಸೋಮವಾರ ಹೋದವನು ಶನಿವಾರ ಬರುತ್ತಿದ್ದ. ಮನೆಯಲ್ಲಿ ಉಳಿದವರು ಅವಳು ಮತ್ತು ಮಾವ. ಮಾವನ ಕಣ್ಣಿಗೆ ಪೊರೆ ಬಂದು ಮನುಷ್ಯರೂ ಮರಗಳೂ ಒಂದೇ ತರಹದ ನೆರಳಾಗಿ ಕಾಣಲು ಶುರುವಾಗಿತ್ತು.

ಬಂದು ನಾಲ್ಕನೆಯ ದಿನ ಬೆಳಿಗ್ಗೆ ಅವನು ಅಂಗಳದಲ್ಲಿ ನಿಂತು ಕರೆದ. "ಬಾ ಮಗಳೇ, ದಂಡೆಗೆ ಹೋಗಿ ಬರುವ."

ಕುರುಡ ಮಾವನ ಕೈ ಹಿಡಿದು ನಡೆಸಬೇಕೇನೋ ಎಂದುಕೊಂಡು ಅವಳು ಹತ್ತಿರ ಹೋದಳು. ಅವನು ಆಗಲೇ ಮುಂದೆ ನಡೆದಿದ್ದ. ದಂಡೆಯ ಓರೆಯನ್ನು ಮನೆಯ ಮೆಟ್ಟಿಲು ಹತ್ತುವ ಹಾಗೆ ಹತ್ತಿದ. ಎಡವಿದವಳು ಕಿನ್ನಿ.

"ದಂಡೆ ನೋಡುವುದು ಕಣ್ಣಿನ ಕೆಲಸ ಅಲ್ಲ" ಎಂದ ಮಾಯಿಲಪ್ಪ. "ಕಣ್ಣಿಗೆ ಹುಲ್ಲು ಮಾತ್ರ ಕಾಣುವುದು. ಪಾದ ಊರಿ ನಡಿ. ಎಲ್ಲಿ ತಂಪು, ಎಲ್ಲಿ ಮೆತ್ತಗೆ, ಎಲ್ಲಿ ಟೊಳ್ಳು, ಹೇಳ್ತಾ ಹೋಗು."

ತೊಂಬತ್ತಾರು ಹೆಜ್ಜೆ ಉದ್ದದ ದಂಡೆ ಅದು. ಮೊದಲ ದಿನ ಅವಳಿಗೆ ಎಲ್ಲ ಕಡೆಯೂ ಮಣ್ಣು ಮಣ್ಣೇ ಅನ್ನಿಸಿತು. ತಿಂಗಳು ಕಳೆಯುವಾಗ, ಹೆಗ್ಗಣ ತೋಡಿದ ಜಾಗದ ಮೇಲೆ ಕಾಲಿಟ್ಟರೆ ಬೇರೆ ತರಹದ ಸದ್ದು ಬರುತ್ತದೆ ಎಂದು ತಿಳಿಯಿತು. ಏಡಿ ಕೊರೆದ ಮಾಟೆ, ಗೆದ್ದಲಿನ ಹುತ್ತ, ದನ ಇಳಿದು ಇಳಿದು ಜಾರಿದ ಜಾಗ ಒಂದೊಂದನ್ನೂ ಅವನು ತೋರಿಸಿದ, ಮುಚ್ಚುವುದನ್ನು ಕಲಿಸಿದ. ದಂಡೆಯ ಮೇಲೆ ಮರದ ಸಸಿ ತಲೆ ಎತ್ತಿದರೆ ಬೆರಳಿನಲ್ಲಿ ಕೀಳಲು ಆಗುವಾಗಲೇ ಕಿತ್ತು ಬಿಸಾಡಬೇಕು ಎಂದ. ಕೊನೆಗೆ ಅವಳನ್ನು ದಂಡೆಯ ಹಿಂಬದಿ ಬುಡಕ್ಕೆ ಕರೆದುಕೊಂಡು ಹೋದ. ಅಲ್ಲಿ ಕಲ್ಲುಗಳ ಎಡೆಯಿಂದ ನೀರು ಜಿನುಗುತ್ತಿತ್ತು.

"ಸೋರ್ತಾ ಉಂಟಲ್ಲ ಮಾವ" ಎಂದು ಅವಳು ಹೆದರಿದಳು.

"ದಂಡೆ ಬೆವರ್ತದೆ. ಮಣ್ಣಿನದ್ದು ಬೆವರದೆ ಇರುವುದಿಲ್ಲ. ಆದರೆ ಬೆವರು ತಿಳಿ ಇರಬೇಕು."

ಅವನು ಒಂದು ತೆಂಗಿನ ಗೆರಟೆಯನ್ನು ಆ ಹನಿಗಳ ಕೆಳಗೆ ಹಿಡಿದು ತುಂಬಿಸಿ, ಕಲ್ಲಿನ ಮೇಲಿಟ್ಟು, ಕುಳಿತು ಎಲೆಯಡಿಕೆ ಹಾಕಿದ. ಬಾಯಿಯ ಎಲೆ ಪೂರ್ತಿ ರಸವಾಗುವವರೆಗೆ ಕಾದ. ಆಮೇಲೆ ಕೇಳಿದ. "ಈಗ ಬಗ್ಗಿ ನೋಡು. ಅಡಿಯಲ್ಲಿ ಎಂತ ಉಂಟು?"

"ಎಂತ ಇಲ್ಲ. ಗೆರಟೆಯ ಕಪ್ಪು ಕಾಣ್ತದೆ."

"ಹಾಗಾದರೆ ಮನೆಗೆ ಹೋಗಿ ಗಂಜಿ ಉಣ್ಣುವ."

ಎಂಟು ವರ್ಷ ಅವರಿಬ್ಬರೂ ಹೀಗೆ ನಡೆದರು. ಮಾಯಿಲಪ್ಪ ತೀರಿಹೋದದ್ದು ಒಂದು ಮಧ್ಯಾಹ್ನ, ಚಾಪೆಯ ಮೇಲೆ, ತೂಬಿನ ಬಾಯಿಯ ಹುಲ್ಲು ತೆಗೆದಾಯಿತೇ ಎಂದು ಕೇಳಿದ ಸ್ವಲ್ಪ ಹೊತ್ತಿನಲ್ಲಿ. ತೆಗೆದಾಯಿತು ಎಂದು ಕಿನ್ನಿ ಹೇಳಿದ್ದು ಅವನಿಗೆ ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಆ ವರ್ಷ ಮಳೆ ಬಿಟ್ಟ ಮೇಲೆ ಭಟ್ಟರು ಬಂದಾಗ, ಇನ್ನು ದಂಡೆ ಯಾರು ನೋಡುವುದು ಎಂದು ಕೇಳಿದರು. ಚೆನ್ನಪ್ಪ ತಾನು ಎಂದ. ಭಟ್ಟರು ತಲೆಯಾಡಿಸಿ, ಅವನ ಹಿಂದೆ ನಿಂತಿದ್ದ ಕಿನ್ನಿಯ ಕೆಸರು ಹಿಡಿದ ಪಾದಗಳನ್ನು ನೋಡಿದರು. "ಎಂತ ಕಿನ್ನಿ, ದಂಡೆ ಹೇಗುಂಟು?" ಎಂದು ಅವಳನ್ನೇ ಕೇಳಿದರು. ಆಮೇಲೆ ಪ್ರತಿ ವರ್ಷವೂ ಅವಳನ್ನೇ ಕೇಳಿದರು.

ಕಿನ್ನಿಗೆ ಮಕ್ಕಳಾದವು, ಒಂದು ಉಳಿಯಲಿಲ್ಲ, ಉಳಿದವಳು ಹೇಮಾಕ್ಷಿ. ಬೆಳಗಿನ ಕೆಲಸ ಮುಗಿಸಿ ದಂಡೆಗೆ ಹೋದರೆ ಅವಳಿಗೆ ಹೊತ್ತಿನ ಲೆಕ್ಕ ಇರುತ್ತಿರಲಿಲ್ಲ. ಹಬೆಯಂತೆ ಮಂಜು ಏಳುತ್ತಿರುವ ನೀರಿನಲ್ಲಿ ಗುಡ್ಡ ತಲೆಕೆಳಗಾಗಿ ನಿಂತಿರುತ್ತಿತ್ತು. ಆ ಗುಡ್ಡದ ಬುಡದಲ್ಲಿಯೂ ಒಂದು ಬೈಲು, ಏಳೆಂಟು ಮನೆ, ಗಂಜಿಗೆ ಕಾಯುವ ಮಕ್ಕಳು ಇರಬಹುದು, ಅಲ್ಲಿಯೂ ಒಬ್ಬಳು ಈಗ ಹುಲ್ಲಿನಲ್ಲಿ ಪಾದ ಊರಿ ಊರಿ ನಡೆಯುತ್ತಿರಬಹುದು ಎಂದು ಅವಳಿಗೆ ಅನ್ನಿಸುತ್ತಿತ್ತು. ಮಿಂಚುಳ್ಳಿ ನೀರಿಗೆ ಬಿದ್ದು ಎದ್ದರೆ ಆ ಲೋಕವೆಲ್ಲ ನಡುಗಿ ಮತ್ತೆ ಮೆಲ್ಲಗೆ ಕೂಡಿಕೊಳ್ಳುತ್ತಿತ್ತು. ಒಮ್ಮೊಮ್ಮೆ ದಂಡೆಯ ಮೇಲೆ ಮಲಗಿ ಮಣ್ಣಿಗೆ ಕಿವಿ ಇಡುತ್ತಿದ್ದಳು. ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ಆ ಏನೂ ಕೇಳದಿರುವುದೇ ಅವಳಿಗೆ ಇಷ್ಟ. ಒಣಮೀನು ಮಾರಿಕೊಂಡು ಬರುವ ಹವ್ವಮ್ಮ ಗುಡ್ಡದ ದಾರಿಯಿಂದ ಅದನ್ನು ನೋಡಿ ಕೇಳಿದ್ದಳು. "ಎಂತ ಮಾರಾಯ್ತಿ, ಮನೆಯಲ್ಲಿ ಚಾಪೆ ಇಲ್ವಾ ನಿನಗೆ?"

ತ್ರಿವಿಕ್ರಮ ಭಟ್ಟರ ಕಾಲ ಮುಗಿದು ಮದಕ ಮಗ ವಿಠಲರ ಪಾಲಿಗೆ ಬಂತು. ವಿಠಲ ಭಟ್ಟರು ವಕೀಲರು. ಒಳ್ಳೆಯ ಮನುಷ್ಯ, ಆದರೆ ಸದಾ ಅವಸರ. ಇಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕೈಯಲ್ಲೊಂದು ಲೆಕ್ಕದ ಪುಸ್ತಕ ಹಿಡಿದುಕೊಂಡು ಬಂದು ದಂಡೆಯ ಕೊನೆಯಲ್ಲಿ ನಿಂತರು. ಅಲ್ಲಿ ಕೋಡಿ ಇತ್ತು; ಮದಕ ತುಂಬಿದಾಗ ಹೆಚ್ಚಿನ ನೀರು ದಂಡೆಯನ್ನು ಮುಟ್ಟದೆ ಬದಿಯಿಂದ ಹರಿದು ಹೋಗುವುದಕ್ಕೆ ಗುಡ್ಡದ ಕಲ್ಲನ್ನು ಕಡಿದು ಮಾಡಿದ ದಾರಿ.

"ಇಷ್ಟು ನೀರು ಸುಮ್ಮನೆ ಹೊಳೆಗೆ ಹೋಗ್ತದೆ" ಎಂದರು ವಿಠಲರು. "ಕೋಡಿಗೆ ಅಡ್ಡ ಒಂದು ಮೊಳ ಮುರಕಲ್ಲು ಕಟ್ಟುವ. ಮೂರನೆಯ ಬೆಳೆಗೂ ನೀರು ಸಾಕಾಗ್ತದೆ. ಕೋಡಿಯ ಕೆಳಗೆ ನೀರು ಹರಿಯುವ ತೋಡಿನ ಜಾಗ ಖಾಲಿ ಆಗ್ತದಲ್ಲ ಚೆನ್ನಪ್ಪ, ಅದನ್ನು ನೀನು ಗದ್ದೆ ಮಾಡು."

ಕಾರ್ಖಾನೆಯ ತೇವದಲ್ಲಿ ಎದೆ ಕೆಟ್ಟು ಕೆಮ್ಮು ಹಿಡಿದು ಮನೆ ಸೇರಿದ್ದ ಚೆನ್ನಪ್ಪನ ಮುಖ ಅರಳಿತು. ಬೇರೆಯವರು ಬಿಟ್ಟ ಗದ್ದೆಯಲ್ಲ, ತಾನೇ ಕೈಯಾರೆ ಮಾಡುವ ಗದ್ದೆ.

ಕಿನ್ನಿ ದಂಡೆಯಿಂದ ಇಳಿದು ಬಂದಳು. "ಧನಿಗಳೇ, ಕೋಡಿ ಎತ್ತರ ಮಾಡಿದರೆ ದಂಡೆಯನ್ನೂ ಎತ್ತರ ಮಾಡ್ಬೇಕಲ್ಲ. ನೀರು ತುಂಬಿ ನಿಂತಾಗ ಮೇಲೆ ಮೂರು ಮೊಳ ಒಣ ದಂಡೆ ಇರಬೇಕು ಅಂತ ಮಾವ ಹೇಳ್ತಿದ್ದರು."

"ಎರಡು ಮೊಳ ಇರ್ತದಲ್ಲ, ಸಾಲದಾ? ಅಜ್ಜನ ಅಜ್ಜನ ಕಾಲದ ದಂಡೆ ಇದು. ಇಷ್ಟರವರೆಗೆ ಎಂತ ಆಗಿದೆ?"

"ಎಂತ ಆಗಲಿಲ್ಲ. ಮೂರು ಮೊಳ ಇತ್ತು."

ವಿಠಲರು ನಕ್ಕರು. ಕೋಪದಿಂದಲ್ಲ, ಕೋರ್ಟಿನಲ್ಲಿ ಎದುರಿನ ವಕೀಲರು ಒಂದು ಒಳ್ಳೆಯ ಮಾತು ಹೇಳಿದಾಗ ನಗುವ ಹಾಗೆ. ಮರುವಾರ ಕಲ್ಲು ಬಂತು, ಕೋಡಿಗೆ ಅಡ್ಡಗೋಡೆ ಎದ್ದಿತು, ಗೋಡೆ ಮೀರುವ ನೀರಿಗೆ ಗುಡ್ಡದ ಬದಿಯಲ್ಲಿ ಒಂದು ಸಣ್ಣ ಕಾಲುವೆ ಮಾತ್ರ ಉಳಿಯಿತು.

ಎರಡು ಮಳೆಗಾಲ ಏನೂ ಆಗಲಿಲ್ಲ. ಮೂರನೆಯ ಬೆಳೆ ಬಂತು, ಬೈಲಿನ ಮನೆಗಳಲ್ಲಿ ಬೇಸಿಗೆಯಲ್ಲಿಯೂ ಹೊಸ ಅಕ್ಕಿಯ ವಾಸನೆ ಬಂತು. ಚೆನ್ನಪ್ಪ ತನ್ನ ಗದ್ದೆಯ ಬದುವಿನ ಮೇಲೆ ಸಂಜೆ ಹೊತ್ತು ಸುಮ್ಮನೆ ಕುಳಿತಿರುತ್ತಿದ್ದ. ಅಲ್ಲಿ ಅವನಿಗೆ ಕೆಮ್ಮು ಕಡಿಮೆ. ಮಾವನ ಮಾತು ಹಳೆಯ ಕಾಲದ್ದಾಯಿತೇನೋ ಎಂದು ಕಿನ್ನಿಗೂ ಅನ್ನಿಸಿತು. ಆದರೂ ನೀರು ಅಷ್ಟು ಮೇಲೆ ನಿಂತದ್ದನ್ನು ನೋಡುವಾಗ ಅವಳಿಗೆ, ಯಾರೋ ಉಸಿರು ಬಿಗಿಹಿಡಿದುಕೊಂಡು ಕುಳಿತಿದ್ದಾರೆ ಅನ್ನಿಸುತ್ತಿತ್ತು.

ಮೂವತ್ತೊಂದರಲ್ಲಿ, ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ, ಹನ್ನೊಂದು ದಿನ ಮಳೆ ಬಿಡಲಿಲ್ಲ. ಗುಡ್ಡ, ಬೈಲು, ಆಕಾಶ ಎಲ್ಲ ಒಂದೇ ಬೂದು ಬಣ್ಣದೊಳಗೆ ಕರಗಿ, ಹತ್ತು ಹೆಜ್ಜೆಯಾಚೆ ಊರೇ ಇಲ್ಲದ ಹಾಗೆ ಆಗಿತ್ತು. ಹನ್ನೆರಡನೆಯ ದಿನ ಭಾನುವಾರ. ಬೆಳಿಗ್ಗೆ ಕಿನ್ನಿ ತಾಳೆಗರಿಯ ಗೊರಬು ತಲೆಗೆ ಏರಿಸಿಕೊಂಡು ದಂಡೆಯ ಹಿಂಬದಿಯ ಓರೆಯಲ್ಲಿ ನಡೆಯುತ್ತಿದ್ದಳು. ನಡುಮಧ್ಯದಿಂದ ಸ್ವಲ್ಪ ಎಡಕ್ಕೆ, ಅವಳ ಬಲಗಾಲಿನ ಹಿಮ್ಮಡಿಗೆ ಒಂದು ತಣ್ಣಗಿನ ಜಾಗ ಸಿಕ್ಕಿತು. ಮಳೆಯ ತಂಪಲ್ಲ ಅದು. ಆಳದ ನೀರಿನ ತಂಪು. ಒತ್ತಿದರೆ ನೆಲ ಒಳಗೆ ಹೋಗಿ ನಿಧಾನವಾಗಿ ಮೇಲೆ ಬರುತ್ತಿತ್ತು.

ಅವಳು ಬುಡಕ್ಕೆ ಇಳಿದು, ಜಿನುಗುವ ನೀರಿಗೆ ಗೆರಟೆ ಹಿಡಿದಳು. ಕೆಸುವಿನ ಎಲೆ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಕುಳಿತಳು. ಎಷ್ಟು ಹೊತ್ತು ಕುಳಿತಳೋ. ಎಲೆ ಸರಿಸಿ ಓರೆ ಮಾಡಿ ನೋಡಿದಾಗ ಅಡಿಯಲ್ಲಿ ಉಗುರಿನಷ್ಟು ದಪ್ಪ ಕೆಂಪು ಮಣ್ಣು ಕುಳಿತಿತ್ತು.

ಮನೆಗೆ ಬಂದು ಚೆನ್ನಪ್ಪನಿಗೆ ಹೇಳಿದಳು. "ಕೋಡಿಯ ಕಲ್ಲು ಬಿಚ್ಚಬೇಕು. ಇವತ್ತೇ."

ಅವನು ಬಾಗಿಲಿನಿಂದ ತನ್ನ ಗದ್ದೆಯ ಕಡೆ ನೋಡಿದ. ನಾಟಿಯಾಗಿ ತಿಂಗಳು ಕಳೆದಿತ್ತು, ಪೈರು ಗಟ್ಟಿ ಹಸಿರಿಗೆ ತಿರುಗಿತ್ತು. "ಗದ್ದೆ ಹೋಗ್ತದೆ, ಅಲ್ವಾ?"

"ಹೋಗ್ತದೆ."

ಅವನು ಬಹಳ ಹೊತ್ತು ಕೆಮ್ಮಿದ. ಆಮೇಲೆ ಹೇಳಿದ. "ಧನಿಗಳ ಕೋಡಿ. ಅವರನ್ನು ಕೇಳದೆ ಮುಟ್ಟುವ ಹಾಗಿಲ್ಲ. ಬಿಜೈವರೆಗೆ ನಡೆಯಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ. ನೀನು ಹೋಗು. ನಾನು ಪಿಕಾಸಿ ಹಾರೆ ಒಟ್ಟು ಮಾಡಿ ಇಡ್ತೇನೆ."

ಬೈಲಿನ ತೀರ ಕೆಳಗಿನ ಮನೆ ಬೆನೆಡಿಕ್ಟ್ ಪೊರ್ಬುವಿನದ್ದು. ಕಿನ್ನಿ ಅವನ ಅಂಗಳಕ್ಕೆ ಓಡಿ, ಎಲ್ಲರನ್ನೂ ಕರೆದುಕೊಂಡು ಗುಡ್ಡ ಹತ್ತಲು ಹೇಳಿದಳು. ಅವನು ಏಕೆ ಎಂದು ಕೇಳಲಿಲ್ಲ. ಹಟ್ಟಿಯ ಬಾಗಿಲು ತೆರೆದು ಮೊದಲು ದನಗಳನ್ನು ಬಿಟ್ಟ.

ಅವಳು ಮತ್ತೆ ಬುಡಕ್ಕೆ ಹೋಗಿ ಗೆರಟೆಗೆ ಹೊಸ ನೀರು ಹಿಡಿದು, ಎಲೆ ಮುಚ್ಚಿ, ಬಾಳೆನಾರಿನಿಂದ ಬಿಗಿದು, ಎರಡೂ ಅಂಗೈಯಲ್ಲಿ ಹಿಡಿದುಕೊಂಡು ಹೊರಟಳು. ಕುಲಶೇಖರದ ಏರು, ನಂತೂರಿನ ಇಳಿಜಾರು. ಗೊರಬಿನ ಮೇಲೆ ಬೀಳುವ ಮಳೆ ಅವಳ ಸುತ್ತ ಒಂದು ಸಣ್ಣ ಮನೆ ಕಟ್ಟಿತ್ತು. ಆ ಮನೆಯೊಳಗೆ ಅವಳು ಮತ್ತು ಗೆರಟೆ, ಇನ್ನು ಯಾರೂ ಇಲ್ಲ. ಕಾಲುಗಳು ತಾವೇ ದಾರಿ ಹುಡುಕಿಕೊಂಡವು. ಇಡೀ ಮದಕವನ್ನು, ಅದರ ತಾವರೆಬಳ್ಳಿ, ಮೀನು, ತಲೆಕೆಳಗಾದ ಗುಡ್ಡದ ಸಮೇತ ಹೊತ್ತುಕೊಂಡು ಹೋಗುತ್ತಿದ್ದೇನೆ, ಕೈ ಸ್ವಲ್ಪ ಓರೆಯಾದರೂ ಊರ ಮೇಲೆ ಚೆಲ್ಲಿಬಿಡುತ್ತದೆ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಎದುರಿನಿಂದ ಬಂದ ಗಾಡಿಯವನು ಏನೋ ಕೇಳಿದ. ಅವಳು ಕತ್ತೆತ್ತಲಿಲ್ಲ.

ಬಿಜೈಯ ಮನೆಯ ಜಗಲಿಯಲ್ಲಿ ವಿಠಲರ ತಾಯಿ ರಮಾದೇವಿ ಬತ್ತಿ ಹೊಸೆಯುತ್ತ ಕುಳಿತಿದ್ದರು. "ಯಾರು, ಕಿನ್ನಿಯಾ? ಈ ಮಳೆಯಲ್ಲಿ ಎಂತ ಬಂದದ್ದು?" ಎಂದು ಎದ್ದು ನಿಂತು ಮಗನನ್ನು ಕರೆದರು.

ವಿಠಲರು ಕಾಗದದ ಕಟ್ಟು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದರು. ಕಿನ್ನಿ ಗೆರಟೆಯನ್ನು ಕೆಳಗಿನ ಮೆಟ್ಟಿಲಿನ ಮೇಲಿಟ್ಟು ನಾರು ಬಿಚ್ಚಿದಳು. ದಾರಿಯ ಕುಲುಕಾಟಕ್ಕೆ ನೀರು ಪೂರ್ತಿ ಕೆಂಪಾಗಿತ್ತು.

"ದಂಡೆಯ ಬುಡದಲ್ಲಿ ಬರುವ ನೀರು ಇದು" ಎಂದಳು.

"ಮಳೆಗಾಲದಲ್ಲಿ ಎಲ್ಲ ನೀರೂ ಕೆಂಪೇ ಅಲ್ವಾ ಕಿನ್ನಿ?"

"ಇದು ಮೇಲಿಂದ ಹರಿದು ಬಂದದ್ದಲ್ಲ ಧನಿಗಳೇ. ಒಳಗಿಂದ ಬಂದದ್ದು. ಸ್ವಲ್ಪ ಹೊತ್ತು ಕೂತುಕೊಳ್ಳಿ."

ಅವರಿಗೆ ಕೂತುಕೊಳ್ಳಿ ಎಂದು ಹೇಳುವ ಒಕ್ಕಲು ಇದುವರೆಗೆ ಇರಲಿಲ್ಲ. ವಿಠಲರು ತಾಯಿಯ ಮುಖ ನೋಡಿದರು. ಆಮೇಲೆ ಮೆಟ್ಟಿಲಿನ ಮೇಲೆ ಕುಳಿತರು. ಕಿನ್ನಿ ಅಂಗಳದ ಅಂಚಿನಲ್ಲಿ, ಸೂರಿನ ಹನಿಯಾಚೆ ಕುಕ್ಕರಗಾಲಲ್ಲಿ ಕುಳಿತಳು. ಮೂವರ ನಡುವೆ ಗೆರಟೆ. ಹಂಚಿನಿಂದ ನೀರು ದಾರದಂತೆ ಇಳಿಯುತ್ತಿತ್ತು. ಒಳಗೆ ಯಾರೋ ಗಂಧ ತೇಯುತ್ತಿದ್ದ ಸದ್ದು ಬರುತ್ತಿತ್ತು, ಅದೂ ನಿಂತಿತು. ಹೊತ್ತು ಹೋದದ್ದು ಯಾರಿಗೂ ತಿಳಿಯಲಿಲ್ಲ. ಕೆಂಪು ಮೆಲ್ಲ ಮೆಲ್ಲಗೆ ಕೆಳಗೆ ಇಳಿಯಿತು, ಮೇಲಿನ ನೀರಿನಲ್ಲಿ ಮೊದಲು ಆಕಾಶದ ಬೂದು, ಆಮೇಲೆ ವಿಠಲರ ಮುಖ ಕಂಡಿತು. ಅವರು ಗೆರಟೆಯನ್ನು ಕೈಗೆತ್ತಿಕೊಂಡು ಓರೆ ಮಾಡಿದರು. ಅಡಿಯಲ್ಲಿ ಅರೆದಿಟ್ಟಂತೆ ನುಣ್ಣಗಿನ ಮಣ್ಣು.

"ಇದು ಎಂತ?"

"ದಂಡೆ" ಎಂದಳು ಕಿನ್ನಿ. "ಇಷ್ಟಿಷ್ಟೇ ಹೊರಗೆ ಬರ್ತಾ ಉಂಟು."

ವಿಠಲರು ಕಾಗದದ ಕಟ್ಟನ್ನು ತಾಯಿಯ ಕೈಯಲ್ಲಿ ಕೊಟ್ಟು ಜಟಕಾಕ್ಕೆ ಹೇಳಿಕಳುಹಿಸಿದರು. ಕಿನ್ನಿಯನ್ನು ಗಾಡಿಯವನ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಲು ಹೇಳಿದರು. ಅವಳು ಜಟಕಾ ಹತ್ತಿದ್ದು ಅದೇ ಮೊದಲು.

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅವರು ಮದಕ ಮುಟ್ಟಿದರು. ನೀರು ಕೋಡಿಯ ಗೋಡೆಯನ್ನೂ ಮೀರಿ, ದಂಡೆಯ ತಲೆಗಿಂತ ಒಂದು ಮೊಳ ಕೆಳಗೆ ನಿಂತಿತ್ತು. ಬೈಲಿನ ಜನ ಗುಡ್ಡದ ಮೇಲೆ ಗೊರಬುಗಳ ಗುಂಪಾಗಿ ಕಾಣುತ್ತಿದ್ದರು. ವಿಠಲರು ಮೆಟ್ಟು ಕಳಚಿಟ್ಟು ಕಿನ್ನಿಯ ಹಿಂದೆ ಓರೆಯಲ್ಲಿ ನಡೆದರು. ಅವಳು ಜಾಗ ತೋರಿಸಲಿಲ್ಲ, ಮುಂದೆ ದಾಟಿ ಹೋದಳು. ಹಿಂದಿನಿಂದ ಅವರು ತಾವೇ ಹೇಳಿದರು. "ಇಲ್ಲಿ ತಂಪು ಉಂಟು."

ಆಮೇಲೆ ಅವರು ಕೋಡಿಯ ಕಡೆಗೆ ಕೂಗಿ ಹೇಳಿದರು. "ಬಿಚ್ಚಿ."

ಮೊದಲ ಪಿಕಾಸಿ ಏಟು ಹಾಕಿದವನು ಚೆನ್ನಪ್ಪ. ಬೆನೆಡಿಕ್ಟ್ ಮತ್ತು ಇನ್ನು ನಾಲ್ವರು ಸೇರಿಕೊಂಡರು. ಮೇಲಿನ ಸಾಲು ಹೋಯಿತು, ಎರಡನೆಯ ಸಾಲು ಸಡಿಲವಾಯಿತು, ಉಳಿದದ್ದನ್ನು ನೀರೇ ತಳ್ಳಿಕೊಂಡು ಹೋಯಿತು. ಚೆನ್ನಪ್ಪನ ಗದ್ದೆಯ ಪೈರು ಒಂದು ಕ್ಷಣ ನೀರಿನ ಅಡಿಯಲ್ಲಿ, ಬಾಚಿದ ಕೂದಲಿನ ಹಾಗೆ ಒಂದೇ ಕಡೆಗೆ ಮಲಗಿ ಚಂದ ಕಂಡಿತು. ಆಮೇಲೆ ಬದು ಹೋಯಿತು, ಮಣ್ಣು ಹೋಯಿತು, ತೋಡು ತನ್ನ ಹಳೆಯ ಹಾಸುಗಲ್ಲಿನ ಮೇಲೆ ಹರಿಯಿತು. ಕಿನ್ನಿ ಗಂಡನ ಕಡೆ ನೋಡಲಿಲ್ಲ. ಅವನು ಪಿಕಾಸಿಯ ಹಿಡಿಗೆ ಗಲ್ಲ ಊರಿ ಉಸಿರಾಡುತ್ತಿದ್ದ.

ನೀರು ಒಂದು ಮೊಳಕ್ಕಿಂತ ಹೆಚ್ಚು ಇಳಿದಿತ್ತು. ಆಗ ದಂಡೆಯ ಹಿಂಬದಿಯಿಂದ, ಮಲಗಿದ ಕೋಣ ಏಳುವಂಥ ಒಂದು ಸದ್ದು ಬಂತು. ಹಟ್ಟಿಯಷ್ಟು ದೊಡ್ಡ ಮಣ್ಣಿನ ತುಂಡು ಹುಲ್ಲಿನ ಸಮೇತ ಜಾರಿ ಬೈಲಿಗೆ ಇಳಿಯಿತು. ಅದು ಬಿಟ್ಟುಹೋದ ಕೆಂಪು ಗಾಯದ ನಡುವಿನಿಂದ ತೋಳಿನಷ್ಟು ದಪ್ಪ ನೀರು ಹಾರಿತು. ಎಲ್ಲರೂ ಗುಡ್ಡಕ್ಕೆ ಓಡಿದರು. ಕಿನ್ನಿ ಓಡಿ, ನಿಂತು, ತಿರುಗಿ ನೋಡಿದಳು. ನೀರು ತೋಳಿನಷ್ಟು ಇದ್ದದ್ದು ಮಣಿಕಟ್ಟಿನಷ್ಟಾಯಿತು, ಬೆರಳಿನಷ್ಟಾಯಿತು. ಕೋಡಿಯಲ್ಲಿ ಇಳಿಯುತ್ತಿದ್ದ ಮದಕದ ನೀರು, ಒಳಗಿನ ತೂತಿನ ಬಾಯಿಗಿಂತ ಕೆಳಗೆ ಹೋಗಿತ್ತು. ಸಂಜೆ ಬೆಳಕು ಇರುವಾಗಲೇ ತೂತು ಬರಿದಾಗಿ ಹನಿಯತೊಡಗಿತು. ಅರ್ಧ ಬೆನ್ನು ಕಳೆದುಕೊಂಡು ದಂಡೆ ನಿಂತೇ ಇತ್ತು.

ವಿಠಲರು ಕೆಸರಿನಲ್ಲೇ ಕುಳಿತುಬಿಟ್ಟಿದ್ದರು. "ಬೆಳಿಗ್ಗೆ ನೀನು ಬಾರದೆ ಇದ್ದರೆ" ಎಂದು ಶುರು ಮಾಡಿ, ಗುಡ್ಡದ ಮೇಲಿನ ಗೊರಬುಗಳ ಕಡೆ ನೋಡಿದರು.

ಮುಂದಿನ ಬೇಸಿಗೆಯಲ್ಲಿ ದಂಡೆಯನ್ನು ಅಗೆದು ನೋಡಿದರು. ಯಾವುದೋ ಕಾಲದಲ್ಲಿ ಯಾರೋ ಕಡಿದು ಬಿಟ್ಟ ಮರದ ಬೇರು ಒಳಗೆ ಕೊಳೆತು, ಸಿಪ್ಪೆ ಮಾತ್ರ ಉಳಿದು, ದಂಡೆಯ ಆಚೆಯಿಂದ ಈಚೆಗೆ ಕೊಳವೆಯ ಹಾಗೆ ಆಗಿತ್ತು. ನೀರು ಹಳೆಯ ಮಟ್ಟದಲ್ಲಿ ಇದ್ದಷ್ಟು ವರ್ಷ ಅದರ ಬಾಯಿ ಮುಟ್ಟಿರಲಿಲ್ಲ. ಬೇರನ್ನು ಪೂರ್ತಿ ಕಿತ್ತು, ಹುತ್ತದ ಮಣ್ಣು ತುಂಬಿಸಿ, ಎಂಟು ದಿನ ಕೋಣಗಳಿಂದ ತುಳಿಸಿದರು. ಎಂಟು ದಿನವೂ ವಿಠಲರು ಬರಿಗಾಲಲ್ಲಿ ಬಂದು ನಿಂತರು. ಕೋಡಿಯಲ್ಲಿ ಉಳಿದಿದ್ದ ಕಲ್ಲುಗಳನ್ನೂ ತೆಗೆಸಿದರು. ಚೆನ್ನಪ್ಪನಿಗೆ ಗುಡ್ಡದ ಬದಿಯ ಬೇರೆ ಗದ್ದೆ ಕೊಟ್ಟರು. ಅವನು ಬೇಡ ಎನ್ನಲಿಲ್ಲ, ಸರಿಯಾಗಿಯೇ ಬೇಸಾಯ ಮಾಡಿದ. ಆದರೆ ಕೊಯ್ಲಿನ ದಿನಗಳಲ್ಲಿ ಸಂಜೆ ಅವನನ್ನು ಹುಡುಕಿಕೊಂಡು ಹೋದರೆ, ತೋಡಿನ ಕಲ್ಲುಗಳ ನಡುವೆ, ಅವನ ಗದ್ದೆ ಇದ್ದ ಜಾಗದಲ್ಲಿ ನಿಂತಿರುತ್ತಿದ್ದ. ಕಿನ್ನಿ ಹೋಗಿ ಪಕ್ಕದಲ್ಲಿ ನಿಲ್ಲುತ್ತಿದ್ದಳು. ಒಂದು ಸಲ ಮಾತ್ರ ಅವನು ಹೇಳಿದ್ದ. "ಒಳ್ಳೆ ಪೈರು ಇತ್ತು ಕಿನ್ನಿ."

"ಹೌದು" ಎಂದಿದ್ದಳು ಅವಳು. "ನಾನೇ ನೆಟ್ಟದ್ದಲ್ವಾ."

ಏಳು ವರ್ಷದ ಮೇಲೆ ಚೆನ್ನಪ್ಪ ತೀರಿಹೋದ. ಯುದ್ಧ ಬಂತು, ಅಕ್ಕಿಗೆ ತತ್ವಾರ ಬಂತು. ನಲವತ್ತನಾಲ್ಕರಲ್ಲಿ, ಇರುವ ಕೆರೆ ಮದಕಗಳನ್ನೆಲ್ಲ ಬರೆದುಕೊಳ್ಳಲು ಸರಕಾರದ ಒಬ್ಬ ಎಳೆಯ ಓವರ್ಸಿಯರು ಅಳತೆಯ ಸರಪಳಿ ಹಿಡಿದುಕೊಂಡು ಬಂದ. ಉದ್ದ ಅಳೆದ, ಎತ್ತರ ಅಳೆದ, ಯಾರದ್ದು ಎಂದು ಕೇಳಿದ.

"ಬಿಜೈಯ ವಿಠಲ ಭಟ್ಟರದ್ದು" ಎಂದಳು ಕಿನ್ನಿ. ಅವಳಿಗೆ ಆಗ ಐವತ್ತು ದಾಟಿತ್ತು, ಕೂದಲು ಬೆಳ್ಳಗಾಗಿತ್ತು.

"ನೋಡಿಕೊಳ್ಳುವವರು?"

"ನಾನು."

"ದಂಡೆಯ ಸ್ಥಿತಿ ಹೇಗುಂಟು ಅಜ್ಜಿ?"

"ಇವತ್ತು ಒಳ್ಳೇದುಂಟು."

"ಇವತ್ತಿನದ್ದು ಅಲ್ಲ. ಒಟ್ಟು ಹೇಗುಂಟು ಅಂತ ಬರೀಬೇಕು."

ಕಿನ್ನಿ ದಂಡೆಯ ಉದ್ದಕ್ಕೂ ಒಮ್ಮೆ ನೋಡಿದಳು. "ಒಟ್ಟಿನದ್ದು ನನಗೆ ಗೊತ್ತಿಲ್ಲ ಸ್ವಾಮಿ. ನಾಳೆಯದ್ದು ನಾಳೆ ನಡೆದು ಹೇಳ್ತೇನೆ. ಆಟಿಯಲ್ಲಿ ಒಂದು ಸಲ ಬನ್ನಿ, ಒಟ್ಟಿಗೆ ನಡೆಯುವ."

ಅವನು ನಗುತ್ತ ಏನೋ ಬರೆದುಕೊಂಡು ಸರಪಳಿ ಸುತ್ತಿ ಹೊರಟ. ಅವನು ಗುಡ್ಡದ ತಿರುವಿನಲ್ಲಿ ಮರೆಯಾಗುವವರೆಗೆ ಕಿನ್ನಿ ನೋಡುತ್ತ ನಿಂತಳು. ಅವನು ಸರಪಳಿಯ ಗೂಟ ಊರಿದ್ದ ಜಾಗದಲ್ಲಿ ದಂಡೆಯ ತಲೆಯ ಮೇಲೆ ಎರಡು ತೂತು ಉಳಿದಿದ್ದವು. ಅವಳು ಬಗ್ಗಿ, ಬದಿಯಿಂದ ಒಂದು ಹಿಡಿ ಹಸಿಮಣ್ಣು ತೆಗೆದು, ಹೆಬ್ಬೆರಳಿನಿಂದ ಎರಡನ್ನೂ ಗಟ್ಟಿಯಾಗಿ ತುಂಬಿದಳು. ಕೆಳಗಿನಿಂದ ಹೇಮಾಕ್ಷಿ ಊಟಕ್ಕೆ ಕರೆಯುತ್ತಿದ್ದಳು.